ಭಾವಚಿತ್ರವೂ ನಮ್ಮ ಭ್ರಮೆಗಳೂ

ಕಳೆದ ವರ್ಷದ ನಮ್ಮ ಕಾಲೇಜು ಸಂಚಿಕೆ ಕೈಗೆ ಬಂದಾಗ, ಎಲ್ಲರಂತೆ ನಾನೂ ಮೊದಲು ತೆರೆದದ್ದು ಚಿತ್ರಗಳ ಪುಟಗಳನ್ನು. ಲೇಖನಗಳನ್ನು ಬರೆದ ಮಿತ್ರರು ಕ್ಷಮಿಸಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಷ್ಟೆ! ಪ್ರಿನ್ಸಿಪಾಲರೂ ಅಧ್ಯಾಪಕರೂ ಕುರ್ಚಿಗಳ ಮೇಲೆ ಕುಳಿತಿದ್ದರು. ಅವರ ಹಿಂದೆ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಗಳು ಮೂರು ಸಾಲುಗಳಲ್ಲಿ ನಿಂತಿದ್ದರು. ಕೆಳಗೆ ಪದ್ಧತಿಯಂತೆ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಆರಂಭವಾಗುವ ಹೆಸರುಗಳ ಪಟ್ಟಿ. ಅದರ ಕೊನೆಯಲ್ಲಿ ‘ಚಿತ್ರದಲ್ಲಿ ಇಲ್ಲದವರು’ ಎಂಬ ಇನ್ನೊಂದು ಪಟ್ಟಿ. ಎಣಿಸಿ ನೋಡಿದೆ, 19 ಹೆಸರುಗಳಿದ್ದವು. ಚಿತ್ರದ ನಡುವಿನ ಸಾಲಿನಲ್ಲಿ ನಿಂತವರ ಸಂಖ್ಯೆಯೇ ಅದಕ್ಕಿಂತ ಕಡಮೆ.

ಅವರಲ್ಲಿ ಆ ದಿನ ಊರಲ್ಲಿಲ್ಲದವರು ಮೂವರೋ ನಾಲ್ವರೋ ಇದ್ದಿರಬಹುದು. ಉಳಿದವರು ಬೆಳಿಗ್ಗೆ ಕಾಲೇಜಿಗೆ ಬಂದವರೇ, ಹಾಜರಿ ಕೊಟ್ಟವರೇ. ಕ್ಯಾಮರಾ ಬಂದಿದೆಯೆಂಬ ಸುದ್ದಿ ಕಿವಿಗೆ ಬಿದ್ದೊಡನೆ ಒಬ್ಬೊಬ್ಬರಾಗಿ ಗ್ರಂಥಾಲಯದ ಹಿಂಭಾಗಕ್ಕೆ ಸರಿದವರು. ಅವರಲ್ಲಿ ಕೆಲವರು ನನಗೆ ಪರಿಚಿತರಾದುದರಿಂದ, ಏಕೆ ಹೀಗೆ ಮಾಡಿದಿರೆಂದು ಕೇಳಿದೆ. ‘ನಾನು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ’ ಎಂದು ಒಬ್ಬರು. ‘ಅಂದು ಒಳ್ಳೆಯ ಅಂಗಿ ಹಾಕಿರಲಿಲ್ಲ’ ಎಂದು ಇನ್ನೊಬ್ಬರು. ‘ನನ್ನ ಬಣ್ಣಕ್ಕೆ ಫೋಟೋ ಬೇರೆ ಕೇಡು’ ಎಂದು ನಗುತ್ತಲೇ ಹೇಳಿದ ಮತ್ತೊಬ್ಬರು. ಆ ನಗು ನಗುವಾಗಿರಲಿಲ್ಲವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ಮಾತನಾಡಲು ನನಗೇನು ಅಧಿಕಾರವೆಂದು ಓದುಗರು ಕೇಳಬಹುದು. ನಾನು ಛಾಯಾಗ್ರಾಹಕನೆಂದು ಹೇಳಿಕೊಳ್ಳುವಷ್ಟು ದೊಡ್ಡವನಲ್ಲ. ಎರಡು ವರ್ಷಗಳಿಂದ ಸಂಜೆಯ ಹೊತ್ತು ಬಸ್ ನಿಲ್ದಾಣದ ಎದುರಿನ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡಿಕೊಂಡು ಓದುತ್ತಿದ್ದೇನೆ. ಪರದೆ ಎಳೆಯುವುದು, ದೀಪ ಹಿಡಿಯುವುದು, ಬಂದವರಿಗೆ ಬಾಚಣಿಗೆ ಕೊಡುವುದು, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಚಿತ್ರಗಳನ್ನು ತಿದ್ದುವುದು, ಇದು ನನ್ನ ಉದ್ಯೋಗ. ಪಟ ತೆಗೆಸಿಕೊಳ್ಳಲು ಬಂದವರು ಸ್ಟೂಲಿನ ಮೇಲೆ ಕುಳಿತೊಡನೆ ತಮ್ಮ ಮನಸ್ಸಿನಲ್ಲಿರುವ ಭಯಗಳನ್ನೆಲ್ಲ ಹೊರಗೆಡವುತ್ತಾರೆ. ವೈದ್ಯರ ಕೊಠಡಿಯನ್ನು ಬಿಟ್ಟರೆ ಮನುಷ್ಯ ತನ್ನ ಮುಖದ ವಿಚಾರವಾಗಿ ಇಷ್ಟು ಮುಚ್ಚುಮರೆಯಿಲ್ಲದೆ ಮಾತನಾಡುವ ಸ್ಥಳ ಇನ್ನೊಂದಿರಲಾರದು. ಅಲ್ಲಿ ಕೇಳಿದ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ವಿಮರ್ಶಿಸಬೇಕೆಂಬುದು ನನ್ನ ಉದ್ದೇಶ.

ಮೊದಲು ಹಳೆಯ ಭಯಗಳನ್ನು ತೆಗೆದುಕೊಳ್ಳೋಣ. ಪಟ ತೆಗೆಸಿಕೊಂಡರೆ ಆಯುಸ್ಸು ಕಡಮೆಯಾಗುತ್ತದೆಂಬ ನಂಬಿಕೆ ನಮ್ಮ ಹಿರಿಯರಲ್ಲಿ ಬಲವಾಗಿತ್ತು. ಈಗಲೂ ಹಳ್ಳಿಯ ಕಡೆ ಅಲ್ಲಲ್ಲಿ ಉಳಿದಿದೆ. ಇದಕ್ಕೆ ತರ್ಕದ ಉತ್ತರ ಬೇಕಾಗಿಲ್ಲ, ಉದಾಹರಣೆಯೇ ಸಾಕು. ಸರ್ ಎಂ. ವಿಶ್ವೇಶ್ವರಯ್ಯನವರ ಪಟವಿಲ್ಲದ ಕಚೇರಿ, ಶಾಲೆ, ಹೋಟೆಲು ನಮ್ಮ ಸೀಮೆಯಲ್ಲಿ ಅಪರೂಪ. ಎಷ್ಟೋ ಕ್ಯಾಮರಾಗಳ ಮುಂದೆ ಪೇಟ ಸರಿಪಡಿಸಿಕೊಂಡು ಕುಳಿತ ಆ ಮಹನೀಯರು 1962ರಲ್ಲಿ ತೀರಿಕೊಂಡಾಗ ಅವರ ವಯಸ್ಸು ನೂರನ್ನು ದಾಟಿತ್ತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಪಟವನ್ನು ತೆಗೆದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅವರು 2019ರವರೆಗೆ, 111 ವರ್ಷ ಬಾಳಿದರು. ಪಟಕ್ಕೂ ಆಯುಸ್ಸಿಗೂ ಸಂಬಂಧವಿರುವುದೇ ಆದರೆ ಅದು ಬೇರೆಯ ದಿಕ್ಕಿನದೆಂದೇ ಹೇಳಬೇಕಾಗುತ್ತದೆ!

ಇದರ ತಮ್ಮನಂತೆ ಇನ್ನೊಂದು ನಂಬಿಕೆಯಿದೆ. ಮೂವರು ಒಟ್ಟಿಗೆ ನಿಂತು ಪಟ ತೆಗೆಸಬಾರದು, ತೆಗೆಸಿದರೆ ನಡುವೆ ನಿಂತವನಿಗೆ ಕೇಡು, ಇಲ್ಲವೆ ಸ್ನೇಹ ಮುರಿಯುತ್ತದೆ ಎಂದು. ವಿಜ್ಞಾನದ ವಿದ್ಯಾರ್ಥಿಗಳೇ ಮೂವರು ಒಮ್ಮೆ ನಮ್ಮ ಅಂಗಡಿಗೆ ಬಂದಿದ್ದರು. ಪಕ್ಕದ ಝೆರಾಕ್ಸ್ ಅಂಗಡಿಯವನನ್ನು ಕರೆದು ನಾಲ್ಕನೆಯವನಾಗಿ ನಿಲ್ಲಿಸಿಕೊಂಡು ಪಟ ತೆಗೆಸಿದರು. ಆಮೇಲೆ ಅವನ ಭಾಗವನ್ನು ಕತ್ತರಿಸಿ ಮೂವರನ್ನು ಮಾತ್ರ ಅಚ್ಚುಮಾಡಿ ಕೊಡಬೇಕೆಂದು ಕೇಳಿದರು. ವಿಧಿಯ ಕಣ್ಣಿಗೆ ಇಷ್ಟು ಸುಲಭವಾಗಿ ಮಣ್ಣೆರಚಬಹುದಾದರೆ ಆ ವಿಧಿಗೆ ನಾವು ಅಂಜುವುದೇಕೆಂದು ನಾನು ಕೇಳಲಿಲ್ಲ. ಗಿರಾಕಿಗಳೊಡನೆ ವಾದಿಸಬಾರದೆಂಬುದು ಅಂಗಡಿಯ ನಿಯಮ.

ಈ ಹಳೆಯ ಭಯಗಳು ಕಾಲಕ್ರಮದಲ್ಲಿ ತಾವೇ ಹೋಗುತ್ತವೆ. ನನಗೆ ಚಿಂತೆ ಅವುಗಳದಲ್ಲ. ಅವುಗಳ ಜಾಗದಲ್ಲಿ ಬಂದು ಕುಳಿತಿರುವ ಹೊಸ ಭಯಗಳದು. ಓದು ಬರಹ ಬಲ್ಲವರಲ್ಲಿಯೇ ಇವು ಹೆಚ್ಚು.

ಅವುಗಳಲ್ಲಿ ಮೊದಲನೆಯದು, ‘ನಾನು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ’ ಎಂಬುದು. ಪ್ರಪಂಚದಲ್ಲಿ ಫೋಟೋಕ್ಕೆ ಹೊಂದುವ ಮುಖ, ಹೊಂದದ ಮುಖ ಎಂದು ಎರಡು ಜಾತಿಗಳಿವೆಯೆಂದೂ, ದುರದೃಷ್ಟದಿಂದ ತಾವು ಎರಡನೆಯದಕ್ಕೆ ಸೇರಿದವರೆಂದೂ ಅನೇಕರು ನಂಬಿದ್ದಾರೆ. ಇದರ ಕಾರಣವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ನಮ್ಮ ಮುಖವನ್ನು ನಾವು ದಿನವೂ ನೋಡುವುದು ಕನ್ನಡಿಯಲ್ಲಿ. ಕನ್ನಡಿ ಎಡವನ್ನು ಬಲ ಮಾಡಿ ತೋರಿಸುತ್ತದೆ. ಯಾರ ಮುಖದ ಎರಡು ಪಕ್ಕಗಳೂ ತೂಕಕ್ಕೆ ಹಾಕಿದಂತೆ ಸಮನಾಗಿರುವುದಿಲ್ಲ. ಆದುದರಿಂದ ನಾವು ಬಲ್ಲ ನಮ್ಮ ಮುಖವೂ ಊರಿನವರು ಬಲ್ಲ ನಮ್ಮ ಮುಖವೂ ಸ್ವಲ್ಪ ಬೇರೆ. ಅಮೆರಿಕದಲ್ಲಿ 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿನಿಯರಿಗೆ ತಮ್ಮ ಮುಖದ ನೇರ ಚಿತ್ರವನ್ನೂ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿದ ಚಿತ್ರವನ್ನೂ ತೋರಿಸಿದರು. ಅವರಲ್ಲಿ ಹೆಚ್ಚು ಮಂದಿ ಮೆಚ್ಚಿದ್ದು ತಿರುಗಿಸಿದ ಚಿತ್ರವನ್ನು. ಅವರ ಗೆಳತಿಯರಲ್ಲಿ ಹೆಚ್ಚು ಮಂದಿ ಮೆಚ್ಚಿದ್ದು ನೇರ ಚಿತ್ರವನ್ನು. ಪಟದಲ್ಲಿ ನಮ್ಮ ಮುಖ ವಿಚಿತ್ರವಾಗಿ ತೋರುವುದಕ್ಕೆ ಮುಖದ ದೋಷ ಕಾರಣವಲ್ಲ, ನಮಗೆ ಅಭ್ಯಾಸವಿಲ್ಲದಿರುವುದು ಕಾರಣವೆಂದು ಇದರಿಂದ ತಿಳಿಯುತ್ತದೆ. ನಿಮಗೆ ಸೇರದ ಆ ಪಟವನ್ನು ನಿಮ್ಮ ತಾಯಿಗೆ ಕೊಟ್ಟು ನೋಡಿ. ಆಕೆ ಅದರಲ್ಲಿ ಯಾವ ಕುಂದನ್ನೂ ಕಾಣುವುದಿಲ್ಲ.

ಇದರ ಜೊತೆಗೆ ಮೊಬೈಲ್ ಫೋನೂ ನಮಗೆ ಒಂದು ಅಪಚಾರ ಮಾಡಿದೆ. ಕೈಚಾಚಿ ನಾವೇ ತೆಗೆದುಕೊಳ್ಳುವ ಸೆಲ್ಫಿಯಲ್ಲಿ ಕ್ಯಾಮರಾ ಮುಖಕ್ಕೆ ತೀರ ಸಮೀಪವಿರುತ್ತದೆ. ಸಮೀಪದ ವಸ್ತು ದೊಡ್ಡದಾಗಿಯೂ ದೂರದ ವಸ್ತು ಚಿಕ್ಕದಾಗಿಯೂ ಕಾಣುವುದು ಎಲ್ಲರೂ ಬಲ್ಲ ಸಂಗತಿ. ಮುಖದಲ್ಲಿ ಮುಂದಿರುವುದು ಮೂಗು, ಹಿಂದಿರುವುದು ಕಿವಿ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ ಪ್ರಕಾರ, 12 ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಇದ್ದುದಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ. 5 ಅಡಿ ದೂರದಿಂದ ತೆಗೆದರೆ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಮೆಯಾಗುತ್ತದೆ. ಸೆಲ್ಫಿಯನ್ನು ನೋಡಿ ಮೂಗಿಗೆ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಕೇಳಿಕೊಂಡು ಬರುವವರಿಗೆ ತಿಳಿಹೇಳುವುದು ಆ ವೈದ್ಯರ ಉದ್ದೇಶವಾಗಿತ್ತು. ಸ್ಟುಡಿಯೋದಲ್ಲಿ ಛಾಯಾಗ್ರಾಹಕ ನಮ್ಮಿಂದ ಐದಾರು ಅಡಿ ಹಿಂದೆ ಸರಿದು ನಿಲ್ಲುವುದು ಸಂಕೋಚದಿಂದಲ್ಲ. ಎದುರು ಕುಳಿತು ಮಾತನಾಡುವವರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆಯೋ ಆ ಪ್ರಮಾಣ ಅಷ್ಟು ದೂರದಿಂದಲೇ ದೊರೆಯುತ್ತದೆ. ಇಷ್ಟು ಸಣ್ಣ ಕಾರಣಕ್ಕಾಗಿ ನಮ್ಮ ತರಗತಿಯ ಎಷ್ಟು ಮಂದಿ ತಮ್ಮ ಮುಖವನ್ನು ತಾವೇ ಹಳಿದುಕೊಂಡಿದ್ದಾರೆಂದು ನೆನೆದರೆ ಮರುಕವಾಗುತ್ತದೆ.

ಎರಡನೆಯ ಭಯ ಬಣ್ಣದ್ದು. ಕಪ್ಪಗಿರುವವರಿಗೆ ಫೋಟೋ ಒಪ್ಪುವುದಿಲ್ಲವೆಂಬ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಈ ಮಾತು ಸುಳ್ಳು; ಆದರೆ ಅದು ಹುಟ್ಟಿದ ಬಗೆಯನ್ನು ತಿಳಿಯಬೇಕು. ತಾನಾಗಿ ಬೆಳಕನ್ನು ಗೊತ್ತುಮಾಡುವ ಕ್ಯಾಮರಾಕ್ಕೆ ಮನುಷ್ಯನ ಪರಿಚಯವಿಲ್ಲ. ಕಣ್ಣೆದುರಿಗೆ ಬಂದುದನ್ನೆಲ್ಲ ನಡುವಣ ಬೂದು ಬಣ್ಣವೆಂದು ಭಾವಿಸಿ ಅದು ಲೆಕ್ಕ ಹಾಕುತ್ತದೆ. ನಮ್ಮ ಅಂಗಡಿಗಳಲ್ಲಿ ಅರ್ಜಿಯ ಫೋಟೋಕ್ಕೆ ಬಿಳಿಯ ಪರದೆಯ ಮುಂದೆ ಕೂರಿಸುವುದು ವಾಡಿಕೆ. ಹಿಂದಿನ ಬಿಳುಪು ಹೆಚ್ಚಾಯಿತೆಂದು ಕ್ಯಾಮರಾ ಬೆಳಕನ್ನು ಕಡಮೆ ಮಾಡಿಕೊಳ್ಳುತ್ತದೆ. ಮುಂದೆ ಕುಳಿತವರ ಮುಖ ಇನ್ನಷ್ಟು ಕಪ್ಪಾಗುತ್ತದೆ. ಕಣ್ಣು ಹುಬ್ಬುಗಳ ವಿವರವೆಲ್ಲ ಅದರಲ್ಲಿ ಮುಳುಗಿಹೋಗುತ್ತವೆ. ಬೆಳಕನ್ನು ಮುಖಕ್ಕೆ ತಕ್ಕಂತೆ ಅಳೆದು, ಪಕ್ಕದಿಂದ ಅಗಲವಾದ ಮೃದು ಬೆಳಕನ್ನು ಕೊಟ್ಟು, ಇನ್ನೊಂದು ಪಕ್ಕದಲ್ಲಿ ಬಿಳಿಯ ಥರ್ಮೋಕೋಲ್ ಹಲಗೆಯನ್ನು ಹಿಡಿದರೆ ಅದೇ ಮುಖ ತಾಮ್ರದ ಬಿಂದಿಗೆಯಂತೆ ಹೊಳೆಯುತ್ತದೆ. ಕಪ್ಪು ಚರ್ಮದ ಮೇಲೆ ಬೆಳಕು ಮೂಡಿಸುವ ಹೊಳಪು ನುಣುಪು ಬಿಳಿಯ ಚರ್ಮದ ಮೇಲೆ ಸುಲಭವಾಗಿ ಬರುವುದಿಲ್ಲವೆಂಬುದನ್ನು ದೀಪ ಹಿಡಿದು ಹಿಡಿದು ನಾನು ಕಲಿತಿದ್ದೇನೆ.

ಇದು ನಮ್ಮ ಊರಿನ ಬಿಳಿಯ ಪರದೆಯ ತಪ್ಪು ಮಾತ್ರವಲ್ಲ. ಬಣ್ಣದ ಫಿಲ್ಮ್ ಬಳಕೆಗೆ ಬಂದ ಕಾಲದಲ್ಲಿ, ಅಚ್ಚಿನ ಬಣ್ಣ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಕೊಡಕ್ ಕಂಪನಿ ಪ್ರಯೋಗಾಲಯಗಳಿಗೆ ಒಂದು ಮಾದರಿ ಚಿತ್ರವನ್ನು ಕಳುಹಿಸುತ್ತಿತ್ತು. ‘ಶರ್ಲಿ ಕಾರ್ಡ್’ ಎಂದು ಅದರ ಹೆಸರು. ಅದರಲ್ಲಿದ್ದುದು ಬಿಳಿಯ ಹೆಣ್ಣಿನ ಮುಖ. ಆಕೆಯ ಬಣ್ಣ ಸರಿಬಂದರೆ ಎಲ್ಲರ ಬಣ್ಣವೂ ಸರಿಬಂದಂತೆ ಎಂದು ಲೆಕ್ಕ. ಬೇರೆ ಬೇರೆ ಮೈಬಣ್ಣದವರನ್ನು ಒಟ್ಟಿಗೆ ಕೂರಿಸಿದ ಕಾರ್ಡುಗಳು ಬಂದದ್ದು 1990ರ ದಶಕದಲ್ಲಿ. ಹಾಗಿರುವಾಗ ಹಳೆಯ ಬಣ್ಣದ ಆಲ್ಬಮ್ಮುಗಳಲ್ಲಿ ನಮ್ಮ ಚಿಕ್ಕಮ್ಮ ದೊಡ್ಡಮ್ಮಂದಿರ ಮುಖಗಳು ಮಸಿಯಂತೆ ಬಂದಿದ್ದರೆ, ಅದನ್ನು ಆ ಮುಖಗಳ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಆದರೆ ನಾವು ಮಾಡುವುದೇನು? ಬೆಳಕನ್ನು ತಿದ್ದುವ ಬದಲು ಮುಖವನ್ನು ತಿದ್ದುತ್ತೇವೆ. ಮನೆಯಲ್ಲಿಯೇ ಪೌಡರ್ ಮೆತ್ತಿಕೊಂಡು ಬರುವವರು ಹಲವರು. ದೀಪದ ಹೊಳಪಿಗೆ ಆ ಪೌಡರ್ ಬೂದಿಯಂತೆ ಎದ್ದು ಕಾಣುತ್ತದೆ, ಕಿವಿ ಕತ್ತುಗಳು ಬೇರೆಯವರದೆಂಬಂತೆ ತೋರುತ್ತವೆ. ಉಳಿದವರು ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಎನ್ನುತ್ತಾರೆ. ಕಂಪ್ಯೂಟರಿಗೆ ಅದು ನಿಮಿಷದ ಕೆಲಸ. ಒಂದು ಸಂಜೆ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಗಂಡಿನ ಮನೆಗೆ ಕಳುಹಿಸಬೇಕಾದ ಪಟ. ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಅವರು ನನ್ನ ಹೆಗಲ ಹಿಂದೆ ನಿಂತು ಹೇಳುತ್ತಲೇ ಇದ್ದರು. ನಾನು ಬಿಳುಪು ಏರಿಸುತ್ತಲೇ ಇದ್ದೆ. ಆ ಹುಡುಗಿ ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು, ಕೊನೆಗೆ ಮೆಲ್ಲನೆ ಕೇಳಿದಳು: ‘ಅಪ್ಪಾ, ನಾಳೆ ಅವರು ಮನೆಗೆ ಬಂದಾಗ ನೋಡುವುದು ನನ್ನನ್ನೇ ಅಲ್ಲವೇ?’ ತಂದೆಯವರು ಉತ್ತರ ಕೊಡಲಿಲ್ಲ. ನಾನೂ ತಲೆಯೆತ್ತಲಿಲ್ಲ. ವಿದ್ಯಾವಂತರಾದ ನಾವು ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ.

ಮೂರನೆಯ ತಪ್ಪು ತಿಳಿವಳಿಕೆ ಛಾಯಾಗ್ರಾಹಕನ ಕೆಲಸಕ್ಕೆ ಸಂಬಂಧಿಸಿದ್ದು. ‘ಗುಂಡಿ ಒತ್ತುವುದಕ್ಕೆ ಇಷ್ಟು ದುಡ್ಡೇ?’ ಎಂದು ಕೇಳುವವರಿದ್ದಾರೆ. ‘ನಿಮ್ಮ ಕ್ಯಾಮರಾ ದೊಡ್ಡದು, ಅದಕ್ಕೇ ಚಿತ್ರ ಚೆನ್ನಾಗಿ ಬಂತು’ ಎಂದು ಹೊಗಳುವವರಿದ್ದಾರೆ. ಎರಡರ ತಾತ್ಪರ್ಯವೂ ಒಂದೇ. ಬೆಳಕನ್ನು ಓದುವುದು, ಎದುರಿಗಿರುವ ಮನುಷ್ಯನನ್ನು ಓದುವುದು, ಕಾಯುವುದು, ತೆಗೆದ ನೂರರಲ್ಲಿ ಐದನ್ನು ಆರಿಸುವುದು, ಇವೆಲ್ಲ ಯಂತ್ರ ಮಾಡುವ ಕೆಲಸಗಳಲ್ಲ. 1941ರ ಡಿಸೆಂಬರ್ 30ರಂದು ಕೆನಡಾದ ಆಟವಾದಲ್ಲಿ ವಿನ್‌ಸ್ಟನ್ ಚರ್ಚಿಲ್ಲರ ಭಾವಚಿತ್ರವನ್ನು ಯೂಸುಫ್ ಕಾರ್ಶ್ ಎಂಬ ಛಾಯಾಗ್ರಾಹಕರು ತೆಗೆದರು. ಭಾಷಣ ಮುಗಿಸಿ ಬಂದ ಚರ್ಚಿಲ್ಲರು ಅಸಮಾಧಾನದಿಂದಲೇ ಸ್ವಲ್ಪ ಸಮಯ ಕೊಟ್ಟರು. ಬಾಯಲ್ಲಿ ಚುಟ್ಟಾ ಇತ್ತು. ಕಾರ್ಶ್ ಮುಂದೆ ಹೋಗಿ ಕ್ಷಮೆ ಕೇಳಿ ಆ ಚುಟ್ಟಾವನ್ನು ಕಿತ್ತುಕೊಂಡು ಬಂದು ಕ್ಯಾಮರಾ ಒತ್ತಿದರು. ಆ ಕ್ಷಣದ ಸಿಡುಕು ಮುಖವೇ ಯುದ್ಧಕಾಲದ ಬ್ರಿಟನ್ನಿನ ಹಟದ ಗುರುತಾಗಿ ಲೋಕವೆಲ್ಲ ಹರಡಿತು. 2016ರಲ್ಲಿ ಅಲ್ಲಿನ ಐದು ಪೌಂಡಿನ ನೋಟಿನ ಮೇಲೂ ಅಚ್ಚಾಯಿತು. ಒತ್ತಿದ್ದು ಒಂದು ಕ್ಷಣ, ನಿಜ. ಯಾವ ಕ್ಷಣವೆಂದು ತಿಳಿಯುವುದಕ್ಕೆ ಕಾರ್ಶ್ ಹಲವು ವರ್ಷ ದುಡಿದಿದ್ದರು.

ಪಟದಲ್ಲಿ ನಗಲೇಬೇಕೆಂಬ ನಂಬಿಕೆಗೂ ಇದೇ ಉದಾಹರಣೆ ಉತ್ತರವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಉಸಿರು ಬಿಗಿಹಿಡಿದು ಕಂಬದಂತೆ ಕೂರಬೇಕೆಂದು ತಿಳಿದವರೂ ಇದ್ದಾರೆ. ಈ ಬಿಗುವು ನಮಗೆ ಬಂದ ಪಿತ್ರಾರ್ಜಿತ ಆಸ್ತಿ. 1839ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರ್‌ನ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಒಂದು ಚಿತ್ರ ಮೂಡಲು ಹಲವು ನಿಮಿಷ ಹಿಡಿಯುತ್ತಿತ್ತು. ಕುಳಿತವರು ಅಲುಗಿದರೆ ಮುಖ ಕಲಸಿಹೋಗುತ್ತಿತ್ತು. ಅದಕ್ಕಾಗಿ ಅಂದಿನ ಸ್ಟುಡಿಯೋಗಳಲ್ಲಿ ತಲೆಯ ಹಿಂದೆ ಕಬ್ಬಿಣದ ಕವಲನ್ನು ಆನಿಸಿ ನಿಲ್ಲಿಸುತ್ತಿದ್ದರು. ಇಂದಿನ ಕ್ಯಾಮರಾ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಕೆಲಸ ಮುಗಿಸುತ್ತದೆ. ಕಬ್ಬಿಣದ ಕವಲು ಹೋಗಿ ಬಹಳ ಕಾಲವಾಯಿತು. ಅದು ನಮ್ಮ ಬೆನ್ನಿನೊಳಗೆ ಮಾತ್ರ ಹಾಗೆಯೇ ಉಳಿದಿದೆ. ಎರವಲು ಕೋಟೂ ಅಂಥದೇ. ಗೆಳೆಯನ ಕೋಟನ್ನು ಹಾಕಿ ಕುಳಿತವನು ಪಟದುದ್ದಕ್ಕೂ ಆ ಕೋಟಿನ ಚಿಂತೆಯಲ್ಲಿಯೇ ಇರುತ್ತಾನೆ. ಒಗೆದ ಅಂಗಿ, ತೊಳೆದ ಮುಖ, ನಾಲ್ಕು ಮಾತು ಆಡುವಷ್ಟು ಸಮಯ ಇದ್ದರೆ ಬೇರೇನೂ ಬೇಕಾಗುವುದಿಲ್ಲ.

ನಾಲ್ಕನೆಯದು, ಫೋನಿರುವಾಗ ಸ್ಟುಡಿಯೋ ಏಕೆಂಬ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಫೋನಿನ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ದಿನನಿತ್ಯದ ಸಂತೋಷಗಳಿಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ನಿಮ್ಮ ಫೋನಿನಲ್ಲಿರುವ ಮೂರು ಸಾವಿರ ಚಿತ್ರಗಳಲ್ಲಿ ನಿಮ್ಮ ತಂದೆಯವರ ಮುಖ ಸ್ಪಷ್ಟವಾಗಿ, ನೇರವಾಗಿ, ಒಂಟಿಯಾಗಿ ಕಾಣುವವು ಎಷ್ಟಿವೆಯೆಂದು ಇಂದು ರಾತ್ರಿ ಹುಡುಕಿ ನೋಡಿ. ಇದ್ದರೂ ಆ ಫೋನು ಒಡೆದುಹೋದರೆ, ಕಳೆದುಹೋದರೆ ಅವು ಎಲ್ಲಿರುತ್ತವೆ? ತೆಗೆಯುವುದು ಸುಲಭವಾದಷ್ಟೂ ಉಳಿಸುವುದು ಮರೆತುಹೋಗಿದೆ. ಗೋಡೆಯ ಮೇಲಿನ ಚೌಕಟ್ಟಿಗೆ ಪಾಸ್‌ವರ್ಡ್ ಇಲ್ಲ, ಚಾರ್ಜೂ ಬೇಡ.

ಹಣ ಕೊಟ್ಟು ತೆಗೆಸಿದ ಪಟದ ಮೇಲೆ ನಮಗೆ ಹಕ್ಕಿಲ್ಲ, ಅದೆಲ್ಲ ಸ್ಟುಡಿಯೋದವರದು ಎಂದು ತಿಳಿದು ಹಿಂಜರಿಯುವವರಿಗೆ, ಮುಖ್ಯವಾಗಿ ವಿದ್ಯಾರ್ಥಿನಿಯರಿಗೆ, ಒಂದು ಮಾತು ಹೇಳಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಛಾಯಾಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ತೆಗೆಸಿದವರಿಗೆ ಸೇರುತ್ತದೆ. ಆದುದರಿಂದ ಸಹಿ ಹಾಕುವ ಕಾಗದವಿದ್ದರೆ ಅದನ್ನು ಓದಿ ಸಹಿ ಹಾಕತಕ್ಕದ್ದು. ನಿಮ್ಮ ಪಟವನ್ನು ಅಂಗಡಿಯ ಕಿಟಕಿಯಲ್ಲೋ ಇಂಟರ್‌ನೆಟ್ಟಿನಲ್ಲೋ ಜಾಹೀರಾತಿಗಾಗಿ ಹಾಕುವುದು ಬೇಡವೆಂದಿದ್ದರೆ ಮೊದಲೇ ಹೇಳಿ. ಹಾಗೆ ಹೇಳುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಹಿರಿಯ ಅಧ್ಯಾಪಕರು ಒಂದು ಆಕ್ಷೇಪವನ್ನು ಎತ್ತಬಹುದು. ‘ಪಟದ ಹುಚ್ಚು ಈಗಲೇ ಅತಿಯಾಗಿದೆ, ಮದುವೆಗೆ ಮುಂಚೆ ಬೆಟ್ಟ ಹೊಳೆಗಳ ಬಳಿ ಸಾಲ ಮಾಡಿ ಫೋಟೋಶೂಟ್ ಮಾಡಿಸುವ ಕಾಲದಲ್ಲಿ ಇವನು ಬೆಂಕಿಗೆ ತುಪ್ಪ ಸುರಿಯುತ್ತಿದ್ದಾನೆ’ ಎಂದು. ಆಕ್ಷೇಪದಲ್ಲಿ ಸತ್ಯವಿದೆ. ನಮ್ಮ ಅಂಗಡಿಗೂ ಅಂಥ ಕೆಲಸ ಬರುತ್ತದೆ. ನನ್ನ ಪರೀಕ್ಷೆಯ ಶುಲ್ಕ ಸಂದದ್ದೂ ಅದರಿಂದಲೇ. ಆದರೂ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಸಾಲ ಮಾಡಿ ಕುದುರೆಯ ಮೇಲೆ ಕುಳಿತು ತೆಗೆಸಿದ ಪಟ ಆ ಕುದುರೆಯ ಪಟವೇ ಹೊರತು ನಮ್ಮದಲ್ಲ. ಆದರೆ ಒಂದು ಕಡೆಯ ಅತಿಯನ್ನು ನೋಡಿ ಇನ್ನೊಂದು ಕಡೆಯ ಬರಗಾಲವನ್ನು ಮರೆಯಬಾರದು. ಒಂದು ಮದುವೆಗೆ ಎರಡು ಸಾವಿರ ಚಿತ್ರಗಳನ್ನು ತೆಗೆಸಿದ ಮನೆಯಲ್ಲಿ, ಆ ಮದುವೆಯ ಅಡಿಗೆಗೆ ನಿಂತ ಮುದುಕಿಯ ಪಟ ಒಂದೂ ಇಲ್ಲದಿರುವುದನ್ನು ನಾನು ಕಂಡಿದ್ದೇನೆ. ಪಟವೆಂಬುದು ಚೆಲುವರಿಗೆ, ಉಳ್ಳವರಿಗೆ, ವಧೂವರರಿಗೆ ಸಲ್ಲುವ ಮರ್ಯಾದೆಯೆಂದು ನಾವು ತಿಳಿದಿರುವುದೇ ಈ ಅತಿಗೂ ಕಾರಣ, ಈ ಬರಗಾಲಕ್ಕೂ ಕಾರಣ.

ಮೈಸೂರಿನವರಾದ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೋಡಿದವರಿಗೆ ಈ ತಿಳಿವಳಿಕೆ ಎಷ್ಟು ಪೊಳ್ಳೆಂಬುದು ತಿಳಿಯುತ್ತದೆ. ಮಹಾರಾಜಾ ಕಾಲೇಜಿನಲ್ಲಿ ಓದಿದ ಅವರು ದೊಡ್ಡವರ ಪಟಗಳನ್ನೂ ತೆಗೆದರು, ನಿಜ. ಆದರೆ ಅವರ ಹೆಸರು ನಿಂತಿರುವುದು ಹಳ್ಳಿಯ ಮಕ್ಕಳ, ದುಡಿಯುವ ಹೆಂಗಸರ, ಬೀದಿಯ ಜನರ ಚಿತ್ರಗಳಿಂದ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿಯೇ ನಡೆಯಿತು. ಆ ಮಕ್ಕಳಲ್ಲಿ ಯಾರೂ ಪೌಡರ್ ಹಚ್ಚಿಕೊಂಡು ಕಾದು ಕುಳಿತವರಲ್ಲ.

ಇನ್ನು ನನ್ನ ಮನೆಯ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇನೆ. ಹೇಳುವುದು ಕಷ್ಟ, ಆದರೆ ಅದಿಲ್ಲದೆ ಈ ಲೇಖನವನ್ನು ನಾನು ಬರೆಯುತ್ತಲೇ ಇರಲಿಲ್ಲ.

ನಮ್ಮ ಅಜ್ಜಿ, ತಂದೆಯ ತಾಯಿ, ನನ್ನನ್ನು ಸಾಕಿದವಳು. ಆಯುಸ್ಸಿನ ಭಯ ಅವಳಿಗೂ ಇತ್ತು. ಅದಕ್ಕಿಂತ ಹೆಚ್ಚಾಗಿ ‘ನನ್ನಂಥ ಮೋರೆಗೆ ಪಟ ಬೇರೆ ಕೇಡು’ ಎಂಬ ಮಾತು ಅವಳ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. ಮನೆಯಲ್ಲಿ ಯಾರಾದರೂ ಫೋನು ಎತ್ತಿದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಡಿಗೆಮನೆಗೆ ಹೋಗುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ನಾನು ಸ್ಟುಡಿಯೋ ಸೇರಿದ ಮೇಲೆ, ಒಂದು ಭಾನುವಾರ ಕ್ಯಾಮರಾ ತಂದು ಹಿತ್ತಿಲ ಬಾಗಿಲ ಬೆಳಕಿನಲ್ಲಿ ಅವಳನ್ನು ಕೂರಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಬೆಳಿಗ್ಗೆ ಅಲ್ಲಿ ಕುಳಿತು ಅವಳು ಅಕ್ಕಿ ಆರಿಸುತ್ತಿದ್ದಳು. ಆ ಬೆಳಕು ನಮ್ಮ ಅಂಗಡಿಯ ಕೊಡೆದೀಪಕ್ಕಿಂತ ಎಷ್ಟೋ ಮೇಲು. ಭಾನುವಾರಗಳು ಬಂದವು, ಹೋದವು. ಊರವರಿಗೆಲ್ಲ ದೀಪ ಹಿಡಿದ ನನಗೆ ಮನೆಯಲ್ಲಿ ಹಿಡಿಯಲು ಪುರಸೊತ್ತಾಗಲಿಲ್ಲ.

ಕಳೆದ ಆಷಾಢದಲ್ಲಿ ಅಜ್ಜಿ ತೀರಿಕೊಂಡಳು. ಹನ್ನೊಂದನೆಯ ದಿನಕ್ಕೆ ಪಟ ಬೇಕೆಂದು ತಂದೆಯವರು ಮನೆಯನ್ನೆಲ್ಲ ಹುಡುಕಿದರು. ದೊರೆತದ್ದು ಆಧಾರ್ ಕಾರ್ಡು ಒಂದೇ. ಅದರ ಮೇಲಿನ ಉಗುರಿನಗಲದ ಚಿತ್ರವನ್ನು ದೊಡ್ಡದು ಮಾಡುವ ಕೆಲಸ ನನ್ನ ಪಾಲಿಗೇ ಬಂತು. ಆ ದಿನ ಕ್ಯಾಮರಾದ ಮುಂದೆ ಯಾರೋ ‘ಕಣ್ಣು ಬಿಡಿ’ ಎಂದು ಗದರಿಸಿರಬೇಕು; ಅವಳು ಬೆದರಿದಂತೆ ಕಣ್ಣು ಅರಳಿಸಿದ್ದಳು. ದೊಡ್ಡದು ಮಾಡಿದಷ್ಟೂ ಮುಖ ಚುಕ್ಕೆಗಳಾಗಿ ಒಡೆಯುತ್ತಿತ್ತು. ಸುಕ್ಕುಗಳು ಸಿಗಲಿಲ್ಲ, ನುಣ್ಣಗೆ ಮಾಡಿದೆ. ಹೆಗಲ ಕೆಳಗೆ ಏನೂ ಇರಲಿಲ್ಲ. ಎಲ್ಲರಿಗೂ ಮಾಡುವಂತೆ, ಕಂಪ್ಯೂಟರಿನಲ್ಲಿ ಸಿದ್ಧವಿರುವ ಜರಿಯಂಚಿನ ರೇಷ್ಮೆ ಸೀರೆಯೊಂದನ್ನು ಅವಳಿಗೆ ಹೊಂದಿಸಿದೆ. ಅಂಥ ಸೀರೆಯನ್ನು ಅವಳು ಜೀವಮಾನದಲ್ಲಿ ಉಟ್ಟವಳಲ್ಲ. ಈಗ ನಮ್ಮ ಮನೆಯ ಗೋಡೆಯ ಮೇಲೆ ಸುಕ್ಕಿಲ್ಲದ, ಬೆದರಿದ ಕಣ್ಣಿನ, ರೇಷ್ಮೆ ಸೀರೆಯ ಹೆಂಗಸೊಬ್ಬಳಿದ್ದಾಳೆ. ಬಂದವರು ‘ಚೆನ್ನಾಗಿ ಬಂದಿದೆ’ ಎನ್ನುತ್ತಾರೆ. ನನ್ನ ಚಿಕ್ಕ ತಂಗಿ ಮಾತ್ರ ಮೊದಲ ದಿನ ನೋಡಿ, ‘ಇದು ಯಾರ ಅಜ್ಜಿ?’ ಎಂದು ಕೇಳಿದಳು.

ಮಿತ್ರರೆ, ನಾವು ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳು. ನಮ್ಮಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಮುಂದೆ ನಮ್ಮ ಮಕ್ಕಳು ಮೊಮ್ಮಕ್ಕಳು, ಈ ಓದು ಮನೆಗೆ ಹೇಗೆ ಬಂತೆಂದು ಕೇಳಿದಾಗ ಈ ಸಂಚಿಕೆಯ ಒಂದು ಪುಟವನ್ನು ತೋರಿಸಿ, ‘ಇಗೋ, ಇಲ್ಲಿ ನಿಂತಿದ್ದೇನೆ’ ಎಂದು ಹೇಳುವಂತಿರಬೇಕು. ಅವರು ಹುಡುಕುವುದು ನಮ್ಮ ಅಂಗಿಯನ್ನಲ್ಲ, ಬಣ್ಣವನ್ನಲ್ಲ. ಅವರು ತಮ್ಮ ಮೂಗು, ಹಣೆ, ಹುಬ್ಬುಗಳನ್ನು ನಮ್ಮ ಮುಖದಲ್ಲಿ ಹುಡುಕುತ್ತಾರೆ.

ಆದುದರಿಂದ ನನ್ನವು ಎರಡು ಬಿನ್ನಹಗಳು. ಒಂದು, ಮನೆಯಲ್ಲಿ ಹಿರಿಯರಿದ್ದರೆ, ‘ನಮಗೇಕೆ ಪಟ’ ಎಂದು ಅವರು ಹೇಳಿದರೂ ಕೇಳದೆ, ಸ್ಟುಡಿಯೋಕ್ಕಾದರೂ ಕರೆದುಕೊಂಡು ಹೋಗಿ, ಇಲ್ಲವೆ ಕ್ಯಾಮರಾ ಬಲ್ಲವರೊಬ್ಬರನ್ನು ಮನೆಗೆ ಕರೆಸಿ. ಅವರು ದಿನವೂ ಉಡುವ ಬಟ್ಟೆಯಲ್ಲಿಯೇ, ಅವರು ದಿನವೂ ಕೂರುವ ಜಾಗದಲ್ಲಿಯೇ ಒಂದು ಪಟ ತೆಗೆಸಿ, ಅಚ್ಚುಹಾಕಿಸಿ ಇಡಿ. ಎರಡು, ಮುಂದಿನ ಸಲ ನಮ್ಮ ಕಾಲೇಜಿನ ಅಂಗಳದಲ್ಲಿ ಬೆಂಚುಗಳನ್ನು ಜೋಡಿಸುವ ಸದ್ದು ಕೇಳಿದಾಗ ಗ್ರಂಥಾಲಯದ ಹಿಂಭಾಗಕ್ಕೆ ಹೋಗಬೇಡಿ. ಯಾವ ಸಾಲಿನಲ್ಲಾದರೂ ಸರಿ, ಬಂದು ನಿಲ್ಲಿ. ಪಕ್ಕದಲ್ಲಿ ಹಿಂಜರಿಯುತ್ತಿರುವವರು ಯಾರಾದರೂ ಇದ್ದರೆ ಅವರ ಕೈ ಹಿಡಿದು ಕರೆತನ್ನಿ. ಬೆಳಕಿನ ವಿಚಾರವನ್ನು ನನಗೆ ಬಿಡಿ. ಥರ್ಮೋಕೋಲ್ ಹಲಗೆಯನ್ನು ನಾನೇ ಹೊತ್ತು ತರುತ್ತೇನೆ.

ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.